ಬಳೆಗೆ ಸಿಕ್ಕಿಸಿದ ಪಿನ್ನುಗಳು

ಹೇಮಶ್ರೀ ಫೋಟೋದ ಬಲ ಅಂಚನ್ನು ಮೌಸಿನಲ್ಲಿ ಹಿಡಿದು ಚೂರು ಚೂರೇ ಒಳಗೆ ತಳ್ಳುತ್ತಿದ್ದಳು. ಮೊದಲು ಗೋಡೆ ಹೋಯಿತು. ಆಮೇಲೆ ಕ್ರೋಟನ್ ಕುಂಡ ಹೋಯಿತು. ಇನ್ನಷ್ಟು ತಳ್ಳಿದಾಗ ಲಾಸ್ಯಳ ಭುಜ, ಭುಜದ ಮೇಲೆ ಇಳಿಬಿದ್ದಿದ್ದ ಮಲ್ಲಿಗೆಯೂ ಹೋದವು.

“ಮಿಸ್, ಲಾಸ್ಯ ಮಿಸ್ ಕಟ್ ಆಗ್ತಿದಾರೆ,” ಎಂದಳು ಪಕ್ಕದಲ್ಲಿ ಕೂತಿದ್ದ ಸಿಂಚನ. ಒಂಬತ್ತನೇ ಕ್ಲಾಸಿನ ಹುಡುಗಿ, ಶಾಲೆಯ ಇಯರ್‌ಬುಕ್ಕಿನ ವಿದ್ಯಾರ್ಥಿ ಸಂಪಾದಕಿ. ಪುಸ್ತಕದ ಹೊಣೆ ಕನ್ನಡ ಮೇಡಂ ಹೇಮಶ್ರೀಯದು.

“ಜಾಗ ಇಲ್ಲ ಕಣಮ್ಮ.”

“ಕೆಳಗೆ ಇಷ್ಟೊಂದಿದೆಯಲ್ಲ ಮಿಸ್.”

“ಅಲ್ಲಿ ಹೆಸರು ಬರ್ಬೇಕು.”

“ಹೆಸರಲ್ಲೂ ಲಾಸ್ಯ ಮಿಸ್ ಇದಾರೆ ಮಿಸ್.”

“ನಿನ್ನ ಆಟೋ ಬಂತೇನೋ, ನೋಡು ಹೋಗು.”

ಸಿಂಚನ ಬ್ಯಾಗು ಹೆಗಲಿಗೇರಿಸಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದಳು. ಕಂಪ್ಯೂಟರ್ ರೂಮಿನಲ್ಲಿ ಉಳಿದದ್ದು ಹೇಮಶ್ರೀ, ಮತ್ತೆ ಪರದೆಯ ಮೇಲೆ ಸ್ಟೂಡೆಂಟ್ ಕೌನ್ಸಿಲಿನ ಗ್ರೂಪ್ ಫೋಟೋ. ಹಿಂದೆ ಹೆಡ್‌ಬಾಯ್ ಸ್ವರೂಪನ ಪಡೆ. ಮುಂದೆ ಕುರ್ಚಿಯಲ್ಲಿ ಕೌನ್ಸಿಲ್ ನೋಡಿಕೊಳ್ಳುವ ಗಣಿತದ ಮೇಷ್ಟ್ರು ವಿಶ್ವನಾಥ್. ಅವನ ಪಕ್ಕದಲ್ಲಿ ಈ ವರ್ಷ ಇಂಗ್ಲಿಷಿಗೆ ಸೇರಿದ ಲಾಸ್ಯ. ಈಗ ಅರ್ಧ ಮುಖ ಮಾತ್ರ.

ಇದೆಲ್ಲ ಶುರುವಾದದ್ದು ಒಂದು ಸೇಫ್ಟಿ ಪಿನ್ನಿನಿಂದ. ಹೇಳಿದರೆ ಕೇಳಿದವರು ನಕ್ಕಾರು.

ಪ್ರತಿ ಜೂನಿನಲ್ಲಿ ಕೌನ್ಸಿಲ್ ಮಕ್ಕಳಿಗೆ ಪದಗ್ರಹಣ. ಬ್ಯಾಡ್ಜುಗಳ ಹಿಂದಿನ ಕೊಂಡಿ ಸರಿಯಾಗಿ ಆ ಹೊತ್ತಿಗೇ ಕೈಕೊಡುತ್ತಿತ್ತು. ಆಗ ವಿಶ್ವನಾಥ್ ವೇದಿಕೆ ಇಳಿದು ನೇರವಾಗಿ ಅವಳ ಬಳಿ ಬಂದು, ಮಾತಿಲ್ಲದೆ ಅಂಗೈ ಚಾಚುತ್ತಿದ್ದ. ಬಳೆಗೆ ಸಿಕ್ಕಿಸಿಕೊಂಡ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ ಅವಳು ಆ ಅಂಗೈಗೆ ಹಾಕುತ್ತಿದ್ದಳು.

“ಇನ್ನೊಂದು,” ಎನ್ನುತ್ತಿದ್ದ.

“ಮಕ್ಕಳಿಗೆ ಚುಚ್ತೀರೋ, ತಿಂತೀರೋ ಸರ್?”

ಅಷ್ಟೇ. ಆ ಅಷ್ಟಕ್ಕಾಗಿ ಅವಳು ಬಳೆಯ ತುಂಬ ಪಿನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದಳು. “ಏನೇ ಇದು, ಟೈಲರ್ ಅಂಗಡಿಗೆ ಹೊರಟೋಳ ಹಾಗೆ,” ಎಂದು ಅಮ್ಮ ಗೊಣಗುತ್ತಿದ್ದರು. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ಸ್ಪೋರ್ಟ್ಸ್ ಡೇ, ಎಲ್ಲಿ ಬ್ಯಾಡ್ಜು ಇದೆಯೋ ಅಲ್ಲಿ ಆ ಅಂಗೈ ಇತ್ತು. ಗಂಡನಿಂದ ಬೇರೆಯಾಗಿ ಒಂಟಿಕೊಪ್ಪಲಿನ ತವರು ಸೇರಿದ ಹೆಣ್ಣಿಗೆ ಇಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಸಾಕಾಗಿಯೂ ಇತ್ತು.

ಈ ಜೂನಿನಲ್ಲಿ ಅವನು ವೇದಿಕೆ ಇಳಿದ. ಅವಳ ಕೈ ಆಗಲೇ ಬಳೆಯ ಮೇಲಿತ್ತು. ಅವನು ಅವಳನ್ನು ದಾಟಿ ಹೋಗಿ ಲಾಸ್ಯಳ ಮುಂದೆ ನಿಂತ. “ಮೇಡಂ, ಒಂದು ಪಿನ್ ಇದ್ಯಾ?”

ಲಾಸ್ಯ ತನ್ನ ಸೆರಗಿನದನ್ನೇ ಬಿಚ್ಚಿ ಕೊಟ್ಟಳು. “ಸೆರಗು ಜಾರಿದ್ರೆ ನೀವೇ ಹೊಣೆ ಸರ್!”

ಅವನು ನಕ್ಕುಬಿಟ್ಟ. ಅಂಥ ನಗೆ ಅವನಲ್ಲಿದೆ ಎಂದೇ ಹೇಮಶ್ರೀಗೆ ಗೊತ್ತಿರಲಿಲ್ಲ. ತನ್ನ ಕೈ ಬಳೆಯ ಮೇಲೆ ಹೋದದ್ದನ್ನು ಯಾರೂ ನೋಡಲಿಲ್ಲ ಎಂಬುದು ಒಂದು ಸಮಾಧಾನ. ಅವನೂ ನೋಡಲಿಲ್ಲ ಎಂಬುದು ಸಂಕಟ.

ಅಲ್ಲಿಂದ ಮುಂದೆ ವರ್ಷ ಪೂರ್ತಿ ಅವಳ ಕಣ್ಣು ಅವಳ ಮಾತು ಕೇಳಲಿಲ್ಲ. ಶಾಲೆಯ ಅಣಕು ಮತದಾನದ ದಿನ ಮಕ್ಕಳ ಬೆರಳಿಗೆ ಶಾಯಿ ಹಚ್ಚುತ್ತ ಅವನೂ ಲಾಸ್ಯಳೂ ಒಂದೇ ಬೆಂಚಿನಲ್ಲಿ ಕೂತರು. ದಸರಾ ರಜೆ ಮುಗಿಸಿ ಬಂದಾಗ ಲಾಸ್ಯ ಎಲ್ಲರಿಗೂ ಹಂಚಿದ ಕೊಬ್ಬರಿ ಮಿಠಾಯಿಯಲ್ಲಿ ಅವನಿಗೆ ಎರಡು ತುಂಡು ಹೋಯಿತು. ಮಿಠಾಯಿ ಚೆನ್ನಾಗಿತ್ತು. ಅದೂ ಒಂದು ಉರಿ.

ಕೆಟ್ಟವಳಾಗಿದ್ದರೆ ಬೈದುಕೊಂಡು ಹಗುರವಾಗಬಹುದಿತ್ತು. ಆ ಹುಡುಗಿ ಕೆಟ್ಟವಳೂ ಅಲ್ಲ. “ಹೇಮಕ್ಕ,” ಎಂದು ಕುತ್ತಿಗೆಗೆ ಕೈಹಾಕುತ್ತಿದ್ದಳು. “ಹೇಮಕ್ಕ, ವಿಶ್ವನಾಥ್ ಸರ್ ಎಷ್ಟು ತಮಾಷೆ ಮಾಡ್ತಾರಲ್ವಾ?”

“ನಂಗೊತ್ತಿಲ್ಲಮ್ಮ,” ಎಂದಿದ್ದಳು ಹೇಮಶ್ರೀ. ನಿಜಕ್ಕೂ ಗೊತ್ತಿರಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಜೋಪಾನ ಮಾಡಿದ ಮನುಷ್ಯನ ತಮಾಷೆಯೇ ತನಗೆ ಗೊತ್ತಿಲ್ಲ! ಆ ದಿನ ಸಿಟಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮನೆಗೆ ಹೋಗಿದ್ದಳು.

ಈಗ ಮೌಸು ಕೈಯಲ್ಲಿತ್ತು. ಇನ್ನೊಂದು ತಳ್ಳು. ಅರ್ಧ ಮುಖವೂ ಹೋಯಿತು. ವಿಶ್ವನಾಥನ ಪಕ್ಕ ಯಾರೂ ಇಲ್ಲ. ನೋಡಲು ಎಷ್ಟು ಹಿತವಾಗಿತ್ತೆಂದರೆ, ಅವಳಿಗೇ ತನ್ನ ಬಗ್ಗೆ ಹೆದರಿಕೆಯಾಯಿತು.

“ಪೇಜು ಪ್ರೆಸ್ಸಿಗೆ ಹೋಯ್ತಾ ಮೇಡಂ?”

ಬಾಗಿಲಲ್ಲಿ ಅವನೇ. ಮರುದಿನದ ಸ್ಪೋರ್ಟ್ಸ್ ಡೇಗಾಗಿ ಮೈದಾನದಲ್ಲಿ ಗೆರೆ ಎಳೆಸಿ ಬಂದಿದ್ದ. ಷೂ ತುಂಬ ಸುಣ್ಣದ ಪುಡಿ. ಹತ್ತಿರ ಬಂದು ಪರದೆಗೆ ಬಗ್ಗಿದ.

“ಲಾಸ್ಯ ಮೇಡಂ ಎಲ್ಲಿ?”

“ಜಾಗ ಸಾಲ್ಲಿಲ್ಲ.”

“ಪಾಪ, ವರ್ಷವೆಲ್ಲ ಓಡಾಡಿದಾರೆ. ಕಟ್ ಮಾಡ್ಬೇಕಿದ್ರೆ ನನ್ನೇ ಮಾಡಿ.”

ಹೊಟ್ಟೆಯಲ್ಲಿದ್ದದ್ದು ನಾಲಿಗೆಗೆ ಬಂದುಬಿಟ್ಟಿತು. “ಅವರ ಮೇಲೆ ಅಷ್ಟು ಕನಿಕರ ಇರ್ಲೇಬೇಕಲ್ಲ ಸರ್. ಪಿನ್ ಕೊಡೋರು ಈಗ ಅವರೇ ತಾನೆ?”

ಹೇಮಶ್ರೀಗೆ ಮೇಜಿನ ಕೆಳಗೆ ಹೋಗಿ ಕೂರೋಣ ಎನ್ನಿಸಿತು.

ವಿಶ್ವನಾಥ್ ಕುರ್ಚಿಯೊಂದನ್ನು ಎಳೆದುಕೊಂಡ, ಆದರೆ ಕೂರಲಿಲ್ಲ. “ಇನ್ಮೇಲೆ ಕೇಳ್ಬೇಡಿ ಅಂದೋರು ನೀವೇ.”

“ನಾನಾ?”

“ಹೋದ ವರ್ಷ ಟೆಂತ್ ಮಕ್ಕಳ ಬೀಳ್ಕೊಡುಗೆ ದಿನ. ಪ್ರೇಮಲೀಲಾ ಮೇಡಂ ರೇಗಿಸಿದ್ರು. ‘ನಾನೇನು ಪಿನ್ನಿನ ಅಂಗಡಿ ಇಟ್ಟಿದೀನಾ, ಬೇರೆ ಯಾರೂ ಸಿಗಲ್ವಾ ಇವರಿಗೆ’ ಅಂದ್ರಿ. ಎಲ್ಲರ ಮುಂದೆ.”

ನೆನಪಾಯಿತು. “ವಿಶ್ವನಾಥ್ ಸರ್‌ಗೆ ಹೇಮಶ್ರೀ ಬಳೆ ಪಿನ್ನೇ ಆಗ್ಬೇಕು ಕಣ್ರೀ,” ಎಂದಿದ್ದರು ಪ್ರೇಮಲೀಲಾ. ಸ್ಟಾಫ್ ರೂಮೆಲ್ಲ ನಕ್ಕಿತ್ತು. ಗಂಡನ ಬಿಟ್ಟವಳು ಎಂಬ ಮಾತಿನ ಜೊತೆ ಇನ್ನೊಂದು ಮಾತು ಅಂಟಿಕೊಂಡೀತೆಂಬ ದಿಗಿಲಿನಲ್ಲಿ, ಬಾಯಿಗೆ ಬಂದದ್ದನ್ನು ಆಡಿ ಚೀಲ ಎತ್ತಿಕೊಂಡು ಹೊರಟಿದ್ದಳು. ಅಂದ ಮಾತನ್ನು ಅಲ್ಲೇ ಮರೆತಿದ್ದಳು. ಅವನು ಮರೆತಿರಲಿಲ್ಲ.

“ನಿಮಗೆ ಮುಜುಗರ ಆಗ್ತಿದೆ ಅಂತ ಅವತ್ತು ತಿಳೀತು. ಬಿಟ್ಬುಟ್ಟೆ,” ಎಂದ ಅವನು. ಬಾಗಿಲವರೆಗೆ ಹೋಗಿ, ಹಿಂತಿರುಗಿ ನೋಡದೆ, ಚೌಕಟ್ಟಿಗೆ ಹೇಳುವವನಂತೆ ಹೇಳಿದ: “ಆಫೀಸಲ್ಲಿ ಒಂದು ಡಬ್ಬಿ ಪಿನ್ ಇದೆ ಮೇಡಂ. ನನ್ನ ಡ್ರಾಯರಲ್ಲೂ ಇದೆ. ಮೊದಲಿಂದ್ಲೂ ಇತ್ತು.”

ಸುಣ್ಣದ ಹೆಜ್ಜೆಗಳು ಕಾರಿಡಾರಿನಲ್ಲಿ ದೂರವಾದವು.

ಹೇಮಶ್ರೀ ಫೋಟೋದ ಅಂಚನ್ನು ಹಿಡಿದು ಹೊರಕ್ಕೆ ಎಳೆದಳು. ಲಾಸ್ಯಳ ನಗು ಬಂತು, ಭುಜ ಬಂತು, ಮಲ್ಲಿಗೆ ಬಂತು. ಕ್ರೋಟನ್ ಕುಂಡಕ್ಕೂ ಜಾಗವಿತ್ತು. ಆ ನಗು ಈಗಲೂ ಒಂದಿಷ್ಟು ಚುಚ್ಚಿತು. ಚುಚ್ಚಲಿ ಎಂದು ಪೇಜನ್ನು ಪ್ರೆಸ್ಸಿಗೆ ಕಳಿಸಿದಳು.

ಬೆಳಗ್ಗೆ ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಂಡು ಹೆಗಲಿಗೆ ಒಂದು ಪಿನ್ನು ಹಾಕಿದಳು. ವರ್ಷವೆಲ್ಲ ಹಟಕ್ಕೆ ಬಿದ್ದು ತೆಗೆಯದೆ ಬಳೆಯಲ್ಲೇ ಉಳಿಸಿಕೊಂಡಿದ್ದ ಪಿನ್ನುಗಳು ಒಂದೊಂದಾಗಿ ಕುಂಕುಮದ ಡಬ್ಬಿಯ ಪಕ್ಕ ಬಿದ್ದವು. ಬಳೆ ಹಗುರಾಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಪಿನ್ನು ಬೇಡ್ವೇನೇ? ಇವತ್ತು ಎಲ್ರೂ ಬ್ಯಾಡ್ಜ್ ಹಾಕ್ಕೋಬೇಕು ಅಂದ್ಯಲ್ಲ.”

“ಸ್ಕೂಲಲ್ಲಿ ಸಿಗುತ್ತಮ್ಮ,” ಎಂದಳು ಹೇಮಶ್ರೀ. ಯಾರ ಹತ್ತಿರ ಎಂದು ಅಮ್ಮ ಕೇಳಲಿಲ್ಲ. ಬರಿ ಬಳೆಯ ಕೈಯಲ್ಲಿ ಚೀಲ ಎತ್ತಿಕೊಂಡು, ಎಂದಿಗಿಂತ ಒಂದು ಬಸ್ಸು ಮುಂಚೆ ಹೊರಟಳು.