ಒಂದೇ ಮೈಲಿಯ ರನ್‌ವೇ

ನಮ್ಮ ಲಿಂಕನ್‌ಶೈರ್‌ನಲ್ಲಿ ಮಕ್ಕಳಿಗೆ ಕಾರು ಕಲಿಸುವುದು ಯುದ್ಧಕಾಲದ ಹಳೆಯ ವಿಮಾನ ನೆಲೆಗಳಲ್ಲೇ. ಒಂದು ಭಾನುವಾರ ಮಧ್ಯಾಹ್ನ ನಾನೂ ಮಗಳು ಹೆಟ್ಟಿಯನ್ನು ಕರೆದೊಯ್ದಿದ್ದೆ. ಯುದ್ಧದ ವೇಳೆ ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ನನ್ನಜ್ಜಿ ಹೇಳುತ್ತಿದ್ದಳು, ವಾಯುಪಡೆಯ ಹುಡುಗರು ಸೈಕಲ್ ಒರಗಿಸಿ ವಿಮಾನ ಏರುತ್ತಿದ್ದರಂತೆ. ಎಷ್ಟೋ ಸೈಕಲ್‌ಗಳು ಅಲ್ಲೇ ಉಳಿದವಂತೆ.

"ಕ್ಲಚ್ ಒತ್ತದೆ ಬ್ರೇಕ್ ಹಾಕ್ಬೇಡ ಮಹಾರಾಯ್ತಿ, ಎಂಜಿನ್ ನಿಂತ್ಹೋಗತ್ತೆ!" ಎಂದು ಹತ್ತನೆಯ ಸಲ ಗದರಿದೆ.

"ನೀನೇನು ಹುಟ್ತಾನೇ ಕಲ್ತಿದ್ಯಾ ಅಮ್ಮಾ?"

ಅಷ್ಟರಲ್ಲಿ ಮಂಜು ಕವಿಯಿತು. ಕಾರಿನೊಳಗೆ ಕಾದ ಎಣ್ಣೆಯ ವಾಸನೆ. ಎಡಗಡೆ ಕಂಬಕ್ಕೊರಗಿದ್ದ ಕಪ್ಪು ಸೈಕಲ್ಲೊಂದನ್ನು ದಾಟಿದೆವು. ರನ್‌ವೇ ಮೇಲೆ ನೇರವಾಗಿಯೇ ಹೋಗುತ್ತಿದ್ದರೂ ಸ್ವಲ್ಪ ಹೊತ್ತಿಗೆ ಅದೇ ಸೈಕಲ್ ಎದುರಾಯಿತು. ಮತ್ತೊಮ್ಮೆ ಎದುರಾಯಿತು.

"ಅಮ್ಮಾ, ಇರೋದೇ ಒಂದು ಮೈಲಿ, ಯಾಕೆ ಮುಗೀತಿಲ್ಲ? ಗಾಡಿ ಹಿಂದ್ಗಡೆ ಭಾರ ಆಗಿದೆ."

"ನಿಲ್ಸು."

"ಕ್ಲಚ್ಚೂ ಒತ್ತಿದೀನಿ, ಬ್ರೇಕೂ ಒತ್ತಿದೀನಿ. ನಿಲ್ತಾನೇ ಇಲ್ಲ!"

ನನ್ನ ಬಾಗಿಲ ಹಿಡಿ ಕದಲಲಿಲ್ಲ. ಪೆಟ್ರೋಲ್ ಮುಳ್ಳು ಕೆಂಪಿಗಿಳಿದಿತ್ತು. ಪೆಟ್ರೋಲ್ ಮುಗಿದ ಮೇಲೂ ಇದು ಓಡುತ್ತಲೇ ಇದ್ದರೆ ಮಗಳನ್ನು ಇಲ್ಲಿಂದ ಹೇಗೆ ಇಳಿಸಲಿ?

"ಹೆಟ್ಟಿ, ಬ್ರೇಕ್ ಒತ್ತಿಕೊಂಡೇ ಕ್ಲಚ್ ಬಿಡು. ಯಾವಾಗ್ಲೂ ಮಾಡೋ ತಪ್ಪನ್ನೇ ಮಾಡು."

ಕಾರು ಕುಲುಕಿ ನಿಂತಿತು. ಹತ್ತು ಹೆಜ್ಜೆ ಮುಂದೆ, ನಾವು ಒಳಬಂದಿದ್ದ ಗೇಟು.

ಮೀಟರಿನಲ್ಲಿ ಮೂವತ್ತೊಂದು ಮೈಲಿ ಏರಿತ್ತು. ನಡುಗುತ್ತಿದ್ದ ಮಗಳಿಗೆ ಕೋಟು ಕೊಡಲು ಹಿಂದಕ್ಕೆ ತಿರುಗಿದೆ. ಖಾಲಿ ಸೀಟಿನ ಮೂರೂ ಬೆಲ್ಟುಗಳು ಬಿಗಿದುಕೊಂಡಿದ್ದವು. ಬಿಚ್ಚುವಾಗ ಮೂರೂ ಕೊಂಡಿಗಳು ಬೆಚ್ಚಗಿದ್ದವು.