ಹನ್ನೊಂದು ಅಜ್ಜಿಯರು, ಒಂದು ಎಮ್ಮೆ

“ಈ ಅಜ್ಜಿ ಯಾರು?” ವಿಭಾ ಕೇಳಿದಳು.

ಅಪಾರ್ಟ್‌ಮೆಂಟ್ ಸೊಸೈಟಿಯ ನೋಟಿಸ್ ಬೋರ್ಡಿಗೆ ದೊಡ್ಡ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಬೆಳ್ಳಿ ಕೂದಲಿನ, ಕನ್ನಡಕ ಹಾಕಿದ ಅಜ್ಜಿಯೊಬ್ಬರು ನಗುತ್ತಿದ್ದರು. ಕೆಳಗೆ ಗುಜರಾತಿಯಲ್ಲಿ ಹೀಗೆ ಬರೆದಿತ್ತು: ‘ಭಾನುವಾರ ನಾಲ್ಕು ಗಂಟೆಗೆ ಹಾಲ್‌ನಲ್ಲಿ, ಗೌರಿ ಬಾ. ವಿಭಾಳ ಆಲ್‌ಟೈಮ್ ಫೇವರಿಟ್. ಎಲ್ಲ ಬಾಗಳಿಗೂ ಮುಂದಿನ ಸಾಲು ಮೀಸಲು.’

“ಗೌರಿ ಬಾ ಅಲ್ವಾ ಇವರು?” ಎಂದಳು ಗೆಳತಿ ಹೇತ್ವಿ. “ಪ್ರವೀಣ್‌ಭಾಯಿ ನೆಟ್‌ನಿಂದ ಫೋಟೊ ತೆಗೆದು ಹಾಕಿದ್ದಾರೆ. ಸೂಪರ್ ಆಗಿದೆ.”

ವಿಭಾ ಪೋಸ್ಟರನ್ನು ಮತ್ತೊಮ್ಮೆ ಓದಿದಳು. ಗುಜರಾತಿಯಲ್ಲಿ ಬಾ ಎಂದರೆ ಅಜ್ಜಿ. ವಡೋದರಾದಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟು ಗೊತ್ತಿಲ್ಲವೇ? ಆದರೆ ಫಾರಂನಲ್ಲಿ ಸಿನಿಮಾದ ಹೆಸರು ತುಂಬುವಾಗ ಅದು ಹೊಳೆದೇ ಇರಲಿಲ್ಲ. ಅವಳ ಸಿನಿಮಾ ಕನ್ನಡದ್ದು. ಕನ್ನಡದಲ್ಲಿ ಬಾ ಎಂದರೆ ಬಾ, ಅಷ್ಟೆ.

ಗೌರಿ ಒಂದು ಎಮ್ಮೆ.

ಗೋರ್ವಾ ಬಡಾವಣೆಯ ಆ ಸೊಸೈಟಿಯಲ್ಲಿ ರಜೆ ಶುರುವಾದಾಗಿನಿಂದ ಪ್ರತಿ ಭಾನುವಾರ ಒಂದೊಂದು ಮಗುವಿನ ಫೇವರಿಟ್ ಸಿನಿಮಾ ತೋರಿಸುತ್ತಿದ್ದರು. ಅದು ಏಕೆ ಪರ್ಫೆಕ್ಟ್ ಎಂದು ಫಾರಂನಲ್ಲಿ ಮೂರು ಕಾರಣ ಬರೆದುಕೊಡಬೇಕು. ವಿಭಾ ಬರೆದಿದ್ದಳು: ‘ಒಂದು, ಯಾರೂ ಸಾಯುವುದಿಲ್ಲ. ಎರಡು, ಗೌರಿ ಕೆಸರಿನಲ್ಲಿ ಹೊರಳಾಡುವ ಸೀನ್ ಸಿಕ್ಕಾಪಟ್ಟೆ ಕಾಮಿಡಿ. ಮೂರು, ಕೊನೆಯಲ್ಲಿ ಗೌರಿ ಓಡಿ ಬರುವಾಗ ಅಪ್ಪನೂ ಅಳುತ್ತಾರೆ.’ ಸೆಕ್ರೆಟರಿ ಪ್ರವೀಣ್‌ಭಾಯಿ ಅದನ್ನು ಓದಿ, “ನಿಮ್ಮ ಗೌರಿ ಬಾ ಬಹಳ ಮಾಡರ್ನ್” ಅಂದಿದ್ದರು. ಆಗ ವಿಭಾ ಸಿನಿಮಾವನ್ನು ಹೊಗಳಿದ್ದು ಎಂದುಕೊಂಡು ತಲೆಯಾಡಿಸಿದ್ದಳು.

ಇನ್ನೊಂದು ನಿಯಮವಿತ್ತು. ಅದೇ ಭಯಂಕರವಾದದ್ದು. ಬೋರ್ ಆದವರು ಕೈ ಎತ್ತಬಹುದು, ಹತ್ತು ಕೈ ಎದ್ದರೆ ಸಿನಿಮಾ ಬಂದ್. ಹೋದ ವಾರ ಹೇತ್ವಿಯ ಸಿನಿಮಾ ಇಪ್ಪತ್ತಮೂರನೇ ನಿಮಿಷಕ್ಕೆ ಬಂದ್ ಆಗಿತ್ತು. ಅವಳು ಎರಡು ದಿನ ಆಟಕ್ಕೇ ಬಂದಿರಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಅಪ್ಪ ನಕ್ಕ ನಗುವಿಗೆ ಚಹಾ ಮೂಗಿಗೆ ಏರಿತು. ಅಪ್ಪ ಪಟ್ಟಾಭಿರಾಮರಿಗೆ ವಿಮಾ ಕಚೇರಿಯಲ್ಲಿ ಬಹಳ ಗಂಭೀರ ಮನುಷ್ಯ ಎಂದು ಹೆಸರು.

“ಕೋಣನ ಮುಂದೆ ಕಿನ್ನರಿ ಕೇಳಿದ್ದೆ,” ಅಂದರು ಅವರು. “ಬಾಗಳ ಮುಂದೆ ಎಮ್ಮೆ, ಇದೇ ಫಸ್ಟ್ ಟೈಮ್.”

“ನಗೋದು ಆಮೇಲೆ,” ಎಂದರು ಅಮ್ಮ ಮೀರಾ. “ವಿಭಾ, ಈಗ್ಲೇ ಹೋಗಿ ಹೇಳ್ಬಿಡು. ಮೊದ್ಲು ಎದುರು ಮನೆ ಮಂಗುಬಾಗೆ ಹೇಳು. ಅವ್ರು ಎಲ್ರಿಗೂ ಹೇಳ್ತಾರೆ.”

ಅದು ನಿಜ. ಮಂಗುಬಾ ಕಿವಿಗೆ ಬಿದ್ದ ಸುದ್ದಿ ಲಿಫ್ಟ್‌ಗಿಂತ ಮೊದಲು ಗ್ರೌಂಡ್ ಫ್ಲೋರ್ ಮುಟ್ಟುತ್ತಿತ್ತು. ವಿಭಾ ಹೋಗಿ ಬೆಲ್ ಒತ್ತಿದಳು.

ಮಂಗುಬಾ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದರು. “ಬಾರೇ ಬೇಟಾ,” ಎಂದು ಅವರು ಗುಜರಾತಿಯಲ್ಲಿ ಶುರು ಮಾಡಿದರು. “ಎಪ್ಪತ್ತು ವರ್ಷದಿಂದ ಸಿನಿಮಾ ನೋಡ್ತಿದ್ದೀನಿ. ಎಲ್ಲದರಲ್ಲೂ ಬಾ ಅಂದರೆ ಮೂಲೇಲಿ ಕೂತು ಕೆಮ್ಮೋದು, ಅರ್ಧ ಗಂಟೇಲಿ ಸಾಯೋದು. ಕೊನೆಗೂ ಒಂದರಲ್ಲಿ ಬಾ ಹೀರೋಯಿನ್ ಆದಳು ನೋಡು. ನಾವು ಹನ್ನೊಂದು ಜನ ಬರ್ತೀವಿ.”

ವಿಭಾ ಬಾಯಿ ತೆರೆದಳು. ಮಂಗುಬಾ ಆ ಬಾಯಿಗೆ ಒಂದು ಸುಖಡಿ ತುಂಡು ಇಟ್ಟರು. ಬೆಲ್ಲ, ತುಪ್ಪ, ಗೋಧಿಹಿಟ್ಟಿನ ಸುಖಡಿ ಬಾಯಲ್ಲಿ ಕರಗುವುದರೊಳಗೆ ಅವಳ ಧೈರ್ಯವೂ ಕರಗಿಹೋಯಿತು.

ಭಾನುವಾರ ನಾಲ್ಕು ಗಂಟೆಗೆ ಹನ್ನೊಂದು ಬಾಗಳು ದಿಂಬು, ನೀರಿನ ಬಾಟಲಿ, ಕಡಲೆಕಾಯಿ ಸಮೇತ ಮುಂದಿನ ಸಾಲಿನಲ್ಲಿ ಕೂತರು. ಹಿಂದೆ ಮಕ್ಕಳ ದಂಡು. ಸಿನಿಮಾಕ್ಕೆ ಸಬ್‌ಟೈಟಲ್ ಇರಲಿಲ್ಲ, ಹಾಗಾಗಿ ವಿಭಾ ಮೈಕ್ ಹಿಡಿದು ಗುಜರಾತಿಯಲ್ಲಿ ಹೇಳಬೇಕಿತ್ತು. ಅವಳ ಅಂಗೈ ಎಷ್ಟು ಬೆವರಿತ್ತೆಂದರೆ ಮೈಕ್ ಎರಡು ಸಲ ಜಾರಿತು.

ಮೊದಲ ಸೀನಿನಲ್ಲಿ ಒಬ್ಬ ಮುದುಕಿ ಬಾಗಿಲು ಗುಡಿಸುತ್ತಿದ್ದಳು. “ಗೌರಿ ಬಾ,” ಎಂದು ಬಾಗಳೆಲ್ಲ ಚಪ್ಪಾಳೆ ತಟ್ಟಿದರು. ಮುದುಕಿ ಗುಡಿಸಿ ಒಳಗೆ ಹೋದವಳು ಮತ್ತೆ ಬರಲೇ ಇಲ್ಲ. ಅವಳ ಪಾತ್ರ ಇದ್ದದ್ದೇ ಅಷ್ಟು.

ಆಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕೆರೆದಂಡೆಗೆ ಓಡಿ ಬಂದಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, “ಗೌರೀ, ಬಾ,” ಎಂದು ಕೂಗಿದಳು. ನೀರಿನಿಂದ ಎರಡು ಕೊಂಬು ಎದ್ದವು. ಹಿಂದೆಯೇ ಇದ್ದಿಲಿನಷ್ಟು ಕಪ್ಪಗಿನ ಒಂದು ಎಮ್ಮೆ ಮೇಲಕ್ಕೆ ಬಂದು ಬುಸ್ಸೆಂದಿತು.

ಹಾಲ್‌ನಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಿತು.

“ವಿಭಾ,” ಹಿಂದಿನಿಂದ ಹೇತ್ವಿ ಕೇಳಿದಳು, “ಗೌರಿ ಬಾ ಎಲ್ಲಿ?”

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. “ಇವಳೇ ಗೌರಿ,” ವಿಭಾ ಮೈಕಿನಲ್ಲಿ ಹೇಳಿದಳು. “ಬಾ ಅಂದರೆ... ನಮ್ಮ ಭಾಷೇಲಿ ‘ಇಲ್ಲಿ ಬಾ’ ಅಂತ. ಸಿನಿಮಾದಲ್ಲಿ ಅಜ್ಜಿ ಇಲ್ಲ. ಎಮ್ಮೆ ಇದೆ. ಸಾರಿ.”

ಮುಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಮಂಗುಬಾ ಕೈ. ಬೇರೆ ಯಾರ ಕೈ ಎದ್ದಿದ್ದರೂ ವಿಭಾಳಿಗೆ ಅಷ್ಟು ದುಃಖವಾಗುತ್ತಿರಲಿಲ್ಲ.

“ಹೊತ್ತಿಗೆ ಎಷ್ಟು ಲೀಟರ್ ಕೊಡ್ತಾಳೆ?” ಮಂಗುಬಾ ಕೇಳಿದರು.

“ಆಂ?”

“ಹಾಲು, ಬೇಟಾ. ಎಷ್ಟು ಲೀಟರ್?”

ಇನ್ನೊಂದು ಕೈ ಎದ್ದಿತು. “ಕರು ಗಂಡೋ ಹೆಣ್ಣೋ?” ಮತ್ತೊಂದು ಕೈ. “ಹತ್ತಿಬೀಜ ಹಾಕ್ತಾರಾ, ಬರೀ ಹುಲ್ಲಾ?” ಮೂರನೇ ಮಹಡಿಯ ಬಾ ಕೊಂಬಿನ ವಿಷಯಕ್ಕೆ ಕೈ ಎತ್ತಿದರೆ, ಅವರ ಪಕ್ಕದವರು ಆ ಕೊಂಬಿನ ಬಗ್ಗೆ ನಿನಗೇನು ಗೊತ್ತು ಎಂದು ಜಗಳಕ್ಕೇ ಕೈ ಎತ್ತಿದರು.

“ಎಂಟು, ಒಂಬತ್ತು, ಹತ್ತು,” ಪ್ರವೀಣ್‌ಭಾಯಿ ಎಣಿಸಿ ಎದ್ದರು. “ಹತ್ತು ಕೈ ಆಯ್ತು. ಸಿನಿಮಾ ಬಂದ್.” ಪರದೆ ಕಪ್ಪಾಯಿತು.

ಆಮೇಲೆ ನಡೆದದ್ದನ್ನು ಪ್ರವೀಣ್‌ಭಾಯಿ ಈಗಲೂ ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ಹನ್ನೊಂದು ಬಾಗಳು ಒಟ್ಟಿಗೆ ಎದ್ದು ನಿಂತರು. ಎಮ್ಮೆಯನ್ನು ನೀರಿನಲ್ಲೇ ಬಿಟ್ಟು ಮೆಷೀನ್ ಆಫ್ ಮಾಡುವ ನೀನು ಎಂಥ ಮನುಷ್ಯ ಎಂದು ಕೇಳಿದರು. ಒಂದು ದಿಂಬೂ ಹಾರಿತು. ಅರ್ಧ ನಿಮಿಷದಲ್ಲಿ ಗೌರಿ ಮತ್ತೆ ಪರದೆಗೆ ಬಂದಳು.

ಅಲ್ಲಿಂದ ಮುಂದೆ ಹಾಲ್ ಹಾಲ್ ಆಗಿ ಉಳಿಯಲಿಲ್ಲ, ಕೊಟ್ಟಿಗೆಯಾಯಿತು. ಕೆಸರಿನ ಸೀನಿಗೆ ಬಾಗಳು ಮಕ್ಕಳಿಗಿಂತ ಜಾಸ್ತಿ ನಕ್ಕರು. ಗೌರಿ ಹಠ ಹಿಡಿದು ನಿಂತಾಗ ಒಬ್ಬೊಬ್ಬರೂ ತಮ್ಮ ಊರಿನ ಕೂಗು ಹಾಕಿ, ನಾಲಿಗೆಯಿಂದ ಟಕಟಕ ಸದ್ದು ಮಾಡಿ ಅವಳನ್ನು ಕರೆದರು. ಮಕ್ಕಳೂ ಕಲಿತುಕೊಂಡು ಕೂಗಿದರು. ಹೇತ್ವಿಯ ಕೂಗು ಎಲ್ಲರಿಗಿಂತ ಜೋರು. ವಿಭಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಅನುವಾದ ಮಾಡುವುದನ್ನೇ ಮರೆತಳು. ಯಾರೂ ಕೇಳಲೂ ಇಲ್ಲ.

ಆಮೇಲೆ ಸಂತೆ ಬಂತು. ಗೌರಿಯನ್ನು ಮಾರಿದರು. ಹುಡುಗಿ ಊರೂರು ಹುಡುಕಿಕೊಂಡು ಹೊಳೆಯ ದಡಕ್ಕೆ ಬಂದಳು. ಆಚೆ ದಡದಲ್ಲಿ ಐವತ್ತು ಎಮ್ಮೆಗಳು, ಎಲ್ಲವೂ ಒಂದೇ ಥರ. ಅವಳು ಒಂದೇ ಸಲ ಕೂಗಿದಳು. “ಗೌರೀ, ಬಾ.”

ಐವತ್ತರಲ್ಲಿ ಒಂದೇ ಒಂದು ತಲೆ ಮೇಲೆದ್ದಿತು.

ಈ ಸೀನನ್ನು ವಿಭಾ ಏಳು ಸಲ ನೋಡಿದ್ದಳು. ಎಂಟನೇ ಸಲ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಮಂಗುಬಾ ಮುಖವನ್ನು. ಆ ಮುಖದ ಮೇಲೆ ಪರದೆಯ ಬೆಳಕು ಆಡುತ್ತಿತ್ತು, ಕಣ್ಣೀರು ಒರೆಸಿಕೊಳ್ಳುವುದನ್ನೂ ಅವರು ಮರೆತಿದ್ದರು.

ಸಿನಿಮಾ ಮುಗಿದು ಎಲ್ಲರೂ ಗದ್ದಲ ಮಾಡುತ್ತಾ ಹೊರಟರು. ಅಪ್ಪ ಕುರ್ಚಿ ಮಡಿಸುತ್ತಿದ್ದರು. ಮಂಗುಬಾ ಮಾತ್ರ ಬಿಳಿ ಪರದೆಯನ್ನೇ ನೋಡುತ್ತಾ ಕೂತಿದ್ದರು. ವಿಭಾ ಹತ್ತಿರ ಹೋದಳು.

“ಪಾದ್ರಾ ಹತ್ತಿರದ ಹಳ್ಳೀಲಿ ನಂಗೂ ಒಬ್ಬಳಿದ್ದಳು,” ಎಂದರು ಮಂಗುಬಾ ಮೆಲ್ಲಗೆ. “ಕಾಳಿ ಅಂತ. ಈ ಫ್ಲ್ಯಾಟಿಗೆ ಬರುವಾಗ ಮಾರಿದ್ವಿ. ಅವಳನ್ನ ಹೊಡಕೊಂಡು ಹೋಗುವಾಗ ನಾನು ಒಳಗೇ ಕೂತಿದ್ದೆ. ಕೂಗಲೇ ಇಲ್ಲ. ಕೂಗಿದ್ದರೆ ತಿರುಗಿ ಬಂದುಬಿಡ್ತಿದ್ದಳು, ಅದಕ್ಕೆ.”

ವಿಭಾಳಿಗೆ ಫಾರಂನಲ್ಲಿ ತಾನು ಬರೆದ ಮೂರು ಕಾರಣಗಳು ನೆನಪಾದವು. ಮೂರೂ ತೀರಾ ಚಿಕ್ಕವಾಗಿ ಕಂಡವು.

ಅವಳು ಕೈ ಚಾಚಿ, “ಬಾ,” ಎಂದಳು.

ಯಾವ ಭಾಷೆಯ ಬಾ ಅದು ಎಂದು ಅವಳಿಗೇ ಗೊತ್ತಿರಲಿಲ್ಲ. ಮಂಗುಬಾ ಕೇಳಲೂ ಇಲ್ಲ. ಕೈ ಹಿಡಿದು ಎದ್ದು ಬಂದರು.