ಹಗಲು ಮೂಲೆ

"ಈ ಲೈಟ್ ಆಕಿದ ಮಹಾನುಭಾವ ಯಾರೋ ಕಾಣೆ. ಅರಗು ಕೆಂಪು ಸೀರೆ ಸೀದ ಬೆಲ್ಲದ ತರ ಕಾಣ್ತೈತೆ."

ಮುತ್ತುಸೆಲ್ವಿ ಇದನ್ನು ತನ್ನಷ್ಟಕ್ಕೆ, ಹಕಾರವನ್ನು ಆಗಾಗ ನುಂಗುವ ತನ್ನ ಮನೆಮಾತಿನಲ್ಲಿ ಹೇಳಿಕೊಂಡಳು. ತಮಿಳುನಾಡಿನ ತೇನಿಯ ಆ ಜವಳಿ ಅಂಗಡಿಯಲ್ಲಿ ತಮಿಳಿನಲ್ಲಿ ಬೈದರೆ ಮುದಲಾಳಿಯ ಕಿವಿಗೆ ಬೀಳುತ್ತಿತ್ತು. ಯಜಮಾನನ ಕಿವಿಗೆ ಬಿದ್ದದ್ದು ಸಂಬಳದ ದಿನ ನೆನಪಿಗೆ ಬರುತ್ತಿತ್ತು. ಕನ್ನಡದಲ್ಲಿ ಬೈದರೆ ಆ ಭಯವಿರಲಿಲ್ಲ. ಹನುಮಂತನಪಟ್ಟಿಯಿಂದ ದಿನಾ ಬಸ್ಸು ಹತ್ತಿ ಬರುವ ಅವಳು ಮೂರು ವರ್ಷದಿಂದ ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡಿದ್ದಳು.

ಏಣಿಯ ಮೇಲಿದ್ದವನು ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಸ್ಕ್ರೂಗಳನ್ನು ಅಂಗೈಗೆ ಉಗುಳಿದ.

"ಮಹಾನುಭಾವ ನಾನ್ ತಾನ್. ಟ್ಯೂಬ್‌ಲೈಟಿಗೂ ಕೆಂಪಿಗೂ ಆಗೋದಿಲ್ಲೆ. ಹ್ಯಾಲೊಜನ್ ಇನ್ನೂ ಡಬ್ಬೀಲೇ ಐತೆ. ಅದು ಆಕಿದ ಮೇಲೆ ಬೈಯಿರಿ."

ಅವಳ ಕಿವಿ ಬಿಸಿಯಾಯಿತು. "ನಿಮಗೆ ನಮ್ಮ ಮಾತು ಬತ್ತದಾ?"

"ದಿಂಡಿಗಲ್ಲಲ್ಲಿ ನಮ್ಮಜ್ಜಿ ಮಾತಾಡ್ತಾರೆ. ಅಜ್ಜಿ ಬೈಯೋಕೆ ಮಾತ್ರ ಬಾಯಿ ತೆಗೀತಾರೆ. ಅದಕ್ಕೇ ನನಗೆ ಬೈಗುಳ ಪೂರ್ತಿ ಅರ್ಥ ಆಯ್ತದೆ, ಮಿಕ್ಕದ್ದು ಅರ್ಧ."

ಅವನ ಹೆಸರು ಜೆಯಕುಮಾರ್. ಪಾಲಿಟೆಕ್ನಿಕ್ ಮುಗಿಸಿ, ಕೊಯಮತ್ತೂರಿನಲ್ಲಿ ಎರಡು ವರ್ಷ ಶೋರೂಮ್‌ಗಳಿಗೆ ಬೆಳಕು ಹಾಕುವ ಕೆಲಸ ಕಲಿತು ಬಂದಿದ್ದ. ತೊಂಬತ್ತೆಂಟನೇ ಇಸವಿಯಲ್ಲಿ ತೇನಿಯ ಮಟ್ಟಿಗೆ ಲೈಟಿಂಗ್ ಎಂದರೆ ಟ್ಯೂಬ್‌ಲೈಟು ಮತ್ತು ಹಬ್ಬಕ್ಕೆ ಸೀರಿಯಲ್ ಸೆಟ್ಟು, ಅಷ್ಟೇ. ಅಂಗಡಿಯೀಗ ರಸ್ತೆಯ ಪಡುವಣ ಬದಿಯ, ಇವರು ನಿಂತಿದ್ದ ಈ ಹೊಸ ಕಟ್ಟಡಕ್ಕೆ ಬರುತ್ತಿತ್ತು. ಹೊರಗೋಡೆಗೆ ನಿಯಾನ್ ಅಕ್ಷರ, ಒಳಗೆ ಏಸಿ, ಕಪ್ಪು ಹಾಳೆ ಅಂಟಿಸಿದ ಗಾಜಿನ ಬಾಗಿಲು. ಮುದಲಾಳಿಗೆ ಮಧುರೈಯಂಥ ಅಂಗಡಿ ಬೇಕಾಗಿತ್ತು.

"ಎಲ್ಲಾ ಸರಿ," ಎಂದಳು ಸೆಲ್ವಿ. "ನಮ್ಮ ಎಂಗಸ್ರು ಸೀರೆ ಎಲ್ಲಿ ನೋಡ್ತಾರೆ?"

"ಇಲ್ಲೇ. ಇಷ್ಟು ಲೈಟ್ ಇಲ್ಲವಾ?"

"ಲೈಟಲ್ಲಿ ಯಾರು ನೋಡ್ತಾರೆ? ಬಾಗಿಲಿಗೆ ತಗೊಂಡು ಓಯ್ತಾರೆ. ಬಿಸಿಲಲ್ಲಿ ಬಿಚ್ಚಿ, ಈ ಕಡೆ ಆ ಕಡೆ ನೋಡಿ, ಆಮೇಲೆ ತಾನ್ ಬಿಲ್ಲು."

ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಅವಳ ಕನ್ನಡ ಜನರಲ್ಲಿ ಮುಹೂರ್ತದ ಸೀರೆ ಒಮ್ಮೆ ಮನೆಗೆ ಬಂದರೆ ಮಡಿಕೆ ಬಿಚ್ಚುವಂತಿಲ್ಲ. ರವಿಕೆಯ ತುಂಡನ್ನು ಕೂಡ ಅಂಗಡಿಯಲ್ಲೇ ಕತ್ತರಿಸಿ ಬೇರೆ ಇಸಿದುಕೊಳ್ಳುತ್ತಾರೆ. ಸೀರೆ ದೇವರ ಮುಂದೆ ಕೂತುಬಿಡುತ್ತದೆ; ತಾಳಿ ಕಟ್ಟುವ ಬೆಳಿಗ್ಗೆಯೇ ಅದು ಬಿಚ್ಚಿಕೊಳ್ಳುವುದು. ಹಾಗಾಗಿ ನೋಡುವುದೆಲ್ಲ ಅಂಗಡಿಯಲ್ಲೇ ಮುಗಿಯಬೇಕು. ಬಿಚ್ಚಿದ ಮೇಲೆ ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ.

ಜೆಯಕುಮಾರ್ ಇದನ್ನೆಲ್ಲ ಏಣಿಯ ಕೆಳಮೆಟ್ಟಿಲಲ್ಲಿ ಕೂತು ಕೇಳಿದ. ನಾಲ್ಕು ದಿನ ಬಿಟ್ಟು, ಒಳಗೊಂದು ಮೂಲೆಯನ್ನು ಬಿಳಿ ಗೋಡೆ ಮಾಡಿ, ಮೇಲೆ ಹಗಲಿನ ಬೆಳಕಿನ ಟ್ಯೂಬ್‌ಗಳನ್ನೂ ಬದಿಗೆ ಹ್ಯಾಲೊಜನ್ನನ್ನೂ ಹದವಾಗಿ ಸೇರಿಸಿ, ಅವಳನ್ನು ಕರೆದ. ಅವಳು ಬಗೆಬಗೆಯ ಸೀರೆಗಳನ್ನು ಮೂಲೆಗೂ ಬಾಗಿಲಿಗೂ ಹನ್ನೆರಡು ಸಲ ಒಯ್ದಳು. ಮಾಂದಳಿರು, ಅರಗು ಕೆಂಪು, ಗಿಳಿಹಸಿರು, ಯಾವುದೂ ತಪ್ಪಲಿಲ್ಲ.

"ಆಚೆ ಇದ್ದಂಗೇ ಐತೆ," ಎಂದಳು, ಸೋತವಳಂತೆ.

"ಹಗಲು ಮೂಲೆ," ಎಂದ ಅವನು. "ಹೆಸರು ನಾನಿಟ್ಟೆ. ಬುದ್ಧಿ ನಿಮ್ಮದು."

ಆಮೇಲೆ ಅಂಗಡಿ ತೆಗೆಯುವ ಮೊದಲಿನ ಒಂದು ಗಂಟೆ ಅವರಿಬ್ಬರದಾಯಿತು. ಅವಳು ಸೀರೆ ಹಿಡಿದು ನಿಲ್ಲುವುದು, ಅವನು ಮೇಲಿಂದ ಸ್ಪಾಟ್‌ಲೈಟ್ ತಿರುಗಿಸುವುದು.

"ಸ್ವಲ್ಪ ಎಡಕ್ಕೆ."

"ನಾನಾ, ಸೀರೆಯಾ?"

"ನೀವು ಬಂದರೆ ಸೀರೆ ತಾನಾಗಿ ಬತ್ತದೆ."

ಅವಳು ಸೀರೆಯನ್ನು ಗಲ್ಲದವರೆಗೆ ಎತ್ತಿಕೊಂಡು ನಗು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದ್ದು ಸಾಲುತ್ತಿರಲಿಲ್ಲ. ಕಣ್ಣು ಹೊರಗಿರುತ್ತಿತ್ತು, ಹ್ಯಾಲೊಜನ್ ಅಲ್ಲಿಗೇ ಬೀಳುತ್ತಿತ್ತು.

ಏಪ್ರಿಲ್‌ನಲ್ಲಿ, ಚಿತ್ತಿರೈ ತಿಂಗಳು ಹುಟ್ಟಿ ಅಂಗಡಿ ತೆರೆದಾಗ ಮೇಲ್ವಿಚಾರಕ ಗುರುಸಾಮಿ ಒಂದು ದೂರು ತಂದ. ಶೋಕೇಸಿನ ಬೊಂಬೆಗಳ ಮುಖವೆಲ್ಲ ಕತ್ತಲು, ಬೆಳಕೆಲ್ಲ ಕುತ್ತಿಗೆಗೆ ಬೀಳುತ್ತಿದೆ. ಜೆಯಕುಮಾರ್ ತಲೆ ಕೆರೆದುಕೊಂಡ. ಅವನು ಅಷ್ಟೂ ಲೈಟುಗಳನ್ನು ಸೆಲ್ವಿಯ ಎತ್ತರಕ್ಕೆ ಕೂರಿಸಿದ್ದ. ಬೊಂಬೆಗಳು ಅವಳಿಗಿಂತ ಅರ್ಧ ಅಡಿ ಉದ್ದ.

ಆ ದಿನಗಳಲ್ಲೇ ಒಮ್ಮೆ ಅವಳು ಮಾತಿಗೆ ಮಾತಾಗಿ ಹೇಳಿದ್ದಳು. "ಮಂಟಪದಲ್ಲಿ ಗುಲಾಬಿ ಲೈಟ್ ಆಕ್ತಾರಲ್ಲ, ಅದರಲ್ಲಿ ಕೆಂಪು ಸೀರೆಯ ಯಾವ ಕಲೇನೂ ಕಾಣೋದಿಲ್ಲೆ. ನಮ್ಮ ಚಿಕ್ಕಮ್ಮನ ಮದುವೇಲಿ ಸೀರೆ ತುಂಬ ಸಾಂಬಾರ್ ಚೆಲ್ಲಿತ್ತು. ಒಬ್ಬರೂ ನೋಡಲಿಲ್ಲ."

ಅವನು ಕೆಳಗಿಳಿದು, ಜೇಬಿನ ಪುಟ್ಟ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡ. ತನ್ನ ಮಾತನ್ನು ಯಾರೋ ಬರೆದುಕೊಳ್ಳುವುದು ಅವಳಿಗೆ ಹೊಸದು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಜೂನ್ ಹೊತ್ತಿಗೆ ಇಬ್ಬರ ಮದುವೆಯ ಮಾತು ಮನೆ ಮುಟ್ಟಿತು. ಜಾತಿ ಒಂದೇ, ಮಾತು ಒಂದೇ, ಆದರೂ ಅವಳಪ್ಪ ಒಂದು ಪ್ರಶ್ನೆ ಕೇಳಿದ. "ಹುಡುಗನ ಕೈಯಲ್ಲಿ ಸ್ವಂತ ಕೆಲಸ ಏನೈತೆ? ಏಣಿ ಹತ್ತೋದು ಬಿಟ್ಟು?" ಆಗಸ್ಟ್ ಮೊದಲ ವಾರದಲ್ಲಿ ಉತ್ತರ ಸಿಕ್ಕಿತು. ಮುದಲಾಳಿಯ ತಮ್ಮ ದಿಂಡಿಗಲ್ಲಿನಲ್ಲಿ ಮೂರಂತಸ್ತಿನ ಅಂಗಡಿ ಕಟ್ಟಿಸುತ್ತಿದ್ದ. ಹೊರಗೋಡೆಯಿಂದ ಶೋಕೇಸಿನವರೆಗೆ ಅದರ ಬೆಳಕೆಲ್ಲ ಜೆಯಕುಮಾರ್‌ನ ಹೆಸರಿಗೆ ಬಂತು. ಅಪ್ಪ ಒಪ್ಪಿದ. ಆಗಸ್ಟ್ ನಡುವೆ ಹುಟ್ಟುವ ಆವಣಿ ತಿಂಗಳಲ್ಲಿ ನಿಶ್ಚಿತಾರ್ಥ ಎಂದಾಯಿತು.

ಆವಣಿಗೆ ಮುಂಚಿನ ಆ ಆಡಿ ತಿಂಗಳಲ್ಲಿ ಸೆಲ್ವಿಯ ಕೌಂಟರಿನ ಮುಂದೆ ಹನುಮಂತನಪಟ್ಟಿ, ಕಂಬಂ ಕಡೆಯ ಹೆಂಗಸರು ಸಾಲುಗಟ್ಟಿದರು. ಆವಣಿಯಲ್ಲಿ ಮದುವೆಗಳಿದ್ದವು, ಇಡೀ ತೇನಿಯಲ್ಲಿ ಮನೆಮಾತಿನಲ್ಲಿ ಚೌಕಾಸಿ ಮಾಡಬಹುದಾದ ಕೌಂಟರು ಅದೊಂದೇ. ಅವಳ ದೊಡ್ಡಮ್ಮ ಪಿಚ್ಚೈಯಮ್ಮಾಳ್ ತನ್ನ ಮಗಳು ಕಾರ್ತಿಕಾಳ ಮದುವೆಗೆಂದು ಅರಗು ಕೆಂಪಿನ ಪಟ್ಟೆ ಸೀರೆ ಆರಿಸಿ, ಅಭ್ಯಾಸದಂತೆ ಬಾಗಿಲ ಕಡೆ ಹೊರಟಳು.

"ಆಚೆ ಯಾಕೆ ದೊಡ್ಡಮ್ಮ? ಈ ಮೂಲೆಗೆ ಬಾ. ಆಚೆ ಇದ್ದಂಗೇ ಇಲ್ಲೂ."

"ನಿಜವಾಗ್ಲೂ ಏನೇ?"

"ನನ್ನ ಮ್ಯಾಲೆ ನಂಬಿಕೆ ಇಲ್ಲವಾ?"

"ನಿನ್ನ ಮ್ಯಾಲೆ ಐತೆ. ಕರೆಂಟಿನ ಮ್ಯಾಲೆ ಇಲ್ಲ," ಎಂದು ನಗುತ್ತಾ ಪಿಚ್ಚೈಯಮ್ಮಾಳ್ ಮೂಲೆಯಲ್ಲೇ ನೋಡಿ, ತೃಪ್ತಿಯಿಂದ ಕಟ್ಟಿಸಿಕೊಂಡಳು. ಅಂಥದೇ ಸೀರೆಗಳನ್ನು ಸೆಲ್ವಿ ಒಟ್ಟು ಏಳು ಮನೆಗೆ ಕೊಟ್ಟಳು. ಏಳು ಮನೆಗೂ ಅದೇ ಮಾತು ಹೇಳಿದಳು.

ಆವಣಿಯ ಮೊದಲ ಮುಹೂರ್ತಕ್ಕೆ ಐದು ದಿನವಿತ್ತು. ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಜೆಯಕುಮಾರ್ ಬಂದ. ನಿಶ್ಚಿತಾರ್ಥದ ಸೀರೆಯನ್ನು ಹುಡುಗಿಯೇ ಆರಿಸಲಿ ಎಂದು ಅವನ ತಾಯಿ ದುಡ್ಡು ಕೊಟ್ಟು ಕಳಿಸಿದ್ದಳು.

ಸೆಲ್ವಿಗೆ ಬೇಕಾದ ಬಣ್ಣ ಮೊದಲೇ ನಿರ್ಧಾರವಾಗಿತ್ತು. ಅವಳು ಅವನನ್ನು ಬೈದ ಬಣ್ಣ. ಅವಳು ತನ್ನ ಕೌಂಟರಿನ ಅಟ್ಟಣಿಗೆಗೆ ಕೈ ಹಾಕುವ ಮೊದಲೇ ಅವನು ಗೋಡೌನಿನಿಂದ ಹೊಸ ಪೊಟ್ಟಣವೊಂದನ್ನು ತಂದು ಮುಂದಿಟ್ಟ.

"ಇದು ನೋಡು. ನಿನ್ನೆ ಬಂದ ಸರಕು."

ಅದೇ ಅರಗು ಕೆಂಪು, ಅದೇ ಅಂಚು. ಅವಳು ಅದನ್ನು ತೋಳ ಮೇಲೆ ಹಾಕಿಕೊಂಡು, ದಿನಕ್ಕೆ ಐವತ್ತು ಸಲ ನಡೆಯುವ ದಾರಿಯಲ್ಲೇ ಹಗಲು ಮೂಲೆಯತ್ತ ನಡೆದಳು.

"ಅಲ್ಲಿ ಬೇಡ ಸೆಲ್ವಿ. ಬಾಗಿಲಿಗೆ ಬಾ. ಆಚೆ ಒಳ್ಳೆ ಬಿಸಿಲೈತೆ."

ಅವಳು ನಕ್ಕಳು. "ನೀವು ಮಾಡಿದ ಮೂಲೆ ಮ್ಯಾಲೆ ನಿಮಗೇ ನಂಬಿಕೆ ಇಲ್ಲವಾ?"

ಅವನು ನಗಲಿಲ್ಲ. ಅಷ್ಟೇ ಸಾಕಾಯಿತು. ತಾನೇನು ಹೇಳಿಬಿಟ್ಟೆ ಎಂದು ಅವನಿಗೆ ಗೊತ್ತಾದದ್ದು ಅವನ ಮುಖದಲ್ಲಿ ಕಂಡಿತು. ಆ ಮುಖದ ಮೇಲೆ ಆಗ ಅವನದೇ ಹ್ಯಾಲೊಜನ್ ಇತ್ತು.

ಸೆಲ್ವಿ ಅಟ್ಟಣಿಗೆಯಿಂದ ತಾನು ಮಾರುತ್ತಿದ್ದ ಕೆಂಪು ಸೀರೆಯೊಂದನ್ನು ಎಳೆದುಕೊಂಡು, ಕಪ್ಪು ಗಾಜಿನ ಬಾಗಿಲು ತಳ್ಳಿ ರಸ್ತೆಗೆ ಬಂದು ಬಿಚ್ಚಿದಳು. ಮಡಿಕೆ ಇದ್ದ ಕಡೆಯೆಲ್ಲ ಒಂದೊಂದು ಗೆರೆ. ಬೆರಳಗಲ, ನೀರು ಹಾಲಿನ ಟೀ ಬಣ್ಣ. ಹಳೇ ಅಂಗಡಿಯ ಶೋಕೇಸಿನಲ್ಲಿ ವರ್ಷಗಟ್ಟಲೆ ಸಂಜೆ ಬಿಸಿಲಿಗೆ ಕೂತು ಮಾಸಿದ ಸರಕು. ಆಡಿ ರಿಯಾಯಿತಿಗೆ ಹಾಕಿದ್ದರೆ ಯಾರೂ ಬೈಯುತ್ತಿರಲಿಲ್ಲ. ಇವಳು ಪೂರ್ತಿ ಬೆಲೆಗೆ ಮಾರಿದ್ದಳು.

ಅವನು ಬಂದು ಪಕ್ಕದಲ್ಲಿ ನಿಂತ.

"ಯಾವಾಗಿಂದ?"

"ಆಡಿ ಹದಿನೆಂಟರ ಹಬ್ಬದ ಮಾರನೆ ದಿನದಿಂದ."

"ಏನ್ ಮಾಡಿದ್ರಿ?"

"ಹ್ಯಾಲೊಜನ್ ಎಚ್ಚು ಮಾಡಿದೆ. ಅದಕ್ಕೆ ಒಂದು ಹಾಳೆ ಆಕಿದೆ." ಅವನು ನೆಲ ನೋಡಿದ. "ಗುಲಾಬಿ."

"ನಾನು ಏಳಿದ ಗುಲಾಬಿ."

ಅವನ ಕೈ ಜೇಬಿನ ನೋಟ್‌ಬುಕ್ಕಿನ ಮೇಲೆ ಹೋಯಿತು.

"ಸಾಂಬಾರ್ ಚೆಲ್ಲಿದ ಕತೆ. ನೀವು ಬರ್ಕೊಂಡ್ರಿ. ನಾನು ಸಂತೋಷಪಟ್ಟೆ."

"ಈ ಮಾಸಿದ ಸರಕು ಓಗಬೇಕು ಅಂತ ಮುದಲಾಳಿ ಕೇಳಿದ್ರು. ಇಲ್ಲಾಂದ್ರೆ ದಿಂಡಿಗಲ್ ಕೆಲಸ ಬೇರೆಯವನಿಗೆ ಓಯ್ತಿತ್ತು. ಆ ಕೆಲಸ ಇಲ್ಲದಿದ್ರೆ ನಿಮ್ಮಪ್ಪ ಉಡುಗೀನ ಕೊಡ್ತಿದ್ರಾ? ಯಾರಿಗೋಸ್ಕರ ಮಾಡಿದೆ ನಾನು?" ಅವನ ಕನ್ನಡ ಮುರಿಯುತ್ತಾ ತಮಿಳಾಯಿತು, ಮತ್ತೆ ಕನ್ನಡಕ್ಕೆ ಬಂತು. "ನಿನಗೆ ಮಾತ್ರ ನಾನು ಮೋಸ ಮಾಡಲಿಲ್ಲ ಸೆಲ್ವಿ. ಇವತ್ತು ಕೂಡ ನಿನ್ನ ಬಾಗಿಲಿಗೆ ಕರೆದೆ ತಾನೆ?"

"ಅದೇ. ನನಗೊಬ್ಬಳಿಗೆ ಬಾಗಿಲು. ನಮ್ಮೋರಿಗೆಲ್ಲ ಮೂಲೆ."

"ನಿನ್ನ ಯಾರು ಕೇಳ್ತಾರೆ? ಅಂಗಡೀನ ಕೇಳ್ತಾರೆ."

"ಅಂಗಡಿಗೆ ನಮ್ಮ ಮಾತು ಬತ್ತದಾ?" ಅವಳು ಮಾಸಿದ ಸೀರೆಯನ್ನು ಮಡಿಸಿ ಅವನ ಕೈಗಿಟ್ಟಳು. ಇನ್ನೊಂದು ಅವಳ ತೋಳ ಮೇಲೇ ಇತ್ತು. "ಇದು ನನ್ನದು ತಾನೆ?"

"ನಿನ್ನದೇ."

"ಅಂಗಾದ್ರೆ ಬಿಲ್ ಆಕಿಸಿ ಕೊಡು. ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ. ನೀನೂ ಬಾ. ದೊಡ್ಡಮ್ಮನ ಮುಂದೆ ನೀನೇ ಏಳು. ನಾನು ಪಕ್ಕದಲ್ಲಿ ನಿಲ್ತೀನಿ. ಏಳಿದ ಮೇಲೂ ನಿನ್ನ ಪಕ್ಕದಲ್ಲೇ ನಿಲ್ತೀನಿ."

ಅವನು ಬಂದ. ಅದನ್ನು ಇಲ್ಲವೆನ್ನಬಾರದು. ಕಂಬಂ ಬಸ್ಸು ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕೂತ. ವೀರಪಾಂಡಿ ದಾಟಿದ ಮೇಲೆ ಕಿಟಕಿಯ ಸಂದಿಯಿಂದ, ಅವಳಿಗಷ್ಟೇ ಕೇಳುವಂತೆ, ನಾಲ್ಕು ತಿಂಗಳಿಂದ ಹೇಳದೇ ಇದ್ದುದನ್ನು ಹೇಳಿದ.

"ಬೊಂಬೆ ಲೈಟನ್ನ ನಾನಿನ್ನೂ ಸರಿ ಮಾಡಿಲ್ಲ. ಗುರುಸಾಮಿ ದಿನಾ ಬೈತಾರೆ. ಬೆಳಿಗ್ಗೆ ನೀನು ಅಲ್ಲಿ ನಿಂತು ತಲೆ ಬಾಚ್ಕೋತೀಯ. ಅದಕ್ಕೇ ತಿರುಗಿಸಲಿಲ್ಲ. ನನಗೆ ನೀನು ಬೇಕು ಸೆಲ್ವಿ."

ಇದೇ ಮಾತನ್ನು ನಿನ್ನೆ ಹೇಳಿದ್ದರೆ ಅವಳು ಸೀರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಈಗ ಪೊಟ್ಟಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಇನ್ನು ಮುಕ್ಕಾಲು ಗಂಟೆ. ಅಲ್ಲಿ ಏಳು," ಎಂದಳು. ಅವನು ಹೇಳುತ್ತಾನೆ ಎಂದು ಅವಳಿಗೆ ನಂಬಿಕೆಯೂ ಬಂತು. ಅವನು ಮೂಲೆ ಕಟ್ಟಿದಾಗ ಪ್ರಾಮಾಣಿಕವಾಗಿಯೇ ಕಟ್ಟಿದ್ದ. ಹನ್ನೆರಡು ಸಲ ನೋಡಿದವಳು ಅವಳೇ.

ಚಿನ್ನಮನೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು.

"ಒಂದು ಟೀ ಕುಡಿದು ಬತ್ತೀನಿ," ಎಂದು ಅವನು ಇಳಿದ.

ಅವಳು ಕಿಟಕಿಯಿಂದ ನೋಡುತ್ತಿದ್ದಳು. ಅವನು ಟೀ ಹಿಡಿದು ನಿಂತ, ಊದಿದ, ಒಂದು ಗುಟುಕು ಕುಡಿದ. ಡ್ರೈವರ್ ಹತ್ತಿ ಹಾರ್ನ್ ಹಾಕಿದ. ಅವನು ಬಸ್ಸು ನೋಡಿದ, ಆಮೇಲೆ ಗ್ಲಾಸು ನೋಡಿದ. ಗ್ಲಾಸಿನಲ್ಲಿ ಟೀ ಇನ್ನೂ ಇತ್ತು.

ಕಂಡಕ್ಟರ್ ಖಾಲಿ ಸೀಟು ತೋರಿಸಿ, ಇಳಿದವರು ಬರಬೇಕಾ ಎಂದು ತಮಿಳಿನಲ್ಲಿ ಕೇಳಿದ. ಅವಳು ತಮಿಳಿನಲ್ಲೇ ಹೇಳಿದಳು, ಇಲ್ಲ, ಅವರು ಇಳಿಯುವ ಊರು ಇದೇ.

ಹನುಮಂತನಪಟ್ಟಿಯಲ್ಲಿ ಪಿಚ್ಚೈಯಮ್ಮಾಳ್ ಮನೆ ಮುಂದೆ ಚಪ್ಪರಕ್ಕೆ ಗಳ ಇಳಿಸಿದ್ದರು.

"ಏನೇ ಇಷ್ಟೊತ್ತಿನಲ್ಲಿ? ಅಂಗಡಿ ರಜಾನಾ? ಅಳಿಯ ಮಾಪಿಳ್ಳೆ ಎಂಗಿದಾರೆ?"

ಸೆಲ್ವಿ ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. ಅಳದೆ, ಕೂಡಿಸದೆ, ಬಿಡದೆ. ಗುಲಾಬಿಯ ಮಾತು ತನ್ನದೇ ಎಂಬುದನ್ನೂ ಹೇಳಿದಳು. ಪಿಚ್ಚೈಯಮ್ಮಾಳ್ ಒಳಗೆ ಹೋಗಿ, ದೇವರ ಮುಂದಿದ್ದ ಸೀರೆಯನ್ನು ತಂದು, ಬಿಚ್ಚಬಾರದ ಮಡಿಕೆಯನ್ನು ಹೊಸ್ತಿಲಲ್ಲೇ ಬಿಚ್ಚಿದಳು. ಗೆರೆಯ ಮೇಲೆ ಹೆಬ್ಬೆರಳು ಉಜ್ಜಿದಳು, ಒರೆಸಿದರೆ ಹೋಗುತ್ತದೇನೋ ಎಂಬಂತೆ.

"ನಾನು ಬಾಗಿಲಿಗೆ ಒರಟೆ ತಾನೆ?"

"ಒರಟೆ, ದೊಡ್ಡಮ್ಮ."

"ನೀನು ಬೇಡ ಅಂದೆ."

"ಅಂದೆ."

ಹಿಂದೆ ಬಂದು ನಿಂತ ಕಾರ್ತಿಕಾ ಅಮ್ಮನ ಕೈಯಲ್ಲಿನ ಸೀರೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಸೆಲ್ವಿ ಪೊಟ್ಟಣ ಮುಂದೆ ಚಾಚಿದಳು. "ಇದು ಒಳ್ಳೆಯದು. ಅದೇ ಬಣ್ಣ, ಅದೇ ಅಂಚು. ನನ್ನ ನಿಶ್ಚಯದ್ದು. ಇನ್ನು ನನಗೆ ಬೇಕಾಗಿಲ್ಲ. ಕಾರ್ತಿಕಾ ಉಡಲಿ."

ಪಿಚ್ಚೈಯಮ್ಮಾಳ್ ಮಾಸಿದ ಸೀರೆಯನ್ನು ಜಗುಲಿಯ ಮೇಲಿಟ್ಟಳು. ಬೈಯುತ್ತಾಳೆ ಎಂದು ಸೆಲ್ವಿ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಒಳಗೆ ತರಬೇಡ," ಎಂದಳು ದೊಡ್ಡಮ್ಮ. "ಇಲ್ಲಿ ಕೊಡು."

ಅವಳು ಪೊಟ್ಟಣ ತೆಗೆದುಕೊಂಡು ಜಗುಲಿ ಇಳಿದು, ಚಪ್ಪರದ ಗಳಗಳನ್ನು ದಾಟಿ, ನಡುಬೀದಿಯ ಬಿಸಿಲಿಗೆ ಹೋದಳು. ಕಾರ್ತಿಕಾಳಿಗೆ ಒಂದು ತುದಿ ಹಿಡಿಸಿ ಪೂರ್ತಿ ಸೀರೆ ಬಿಚ್ಚಿದಳು. ಈ ಕಡೆ ನೋಡಿದಳು, ಆ ಕಡೆ ತಿರುಗಿಸಿ ನೋಡಿದಳು. ಮಡಿಕೆ ಮಡಿಕೆಯನ್ನೂ ಕಣ್ಣಿಗೆ ಹತ್ತಿರ ತಂದು ನೋಡಿದಳು.

ಮುತ್ತುಸೆಲ್ವಿ ಸೂರಿನ ನೆರಳಲ್ಲಿ ನಿಂತು, ದೊಡ್ಡಮ್ಮ ನೋಡಿ ಮುಗಿಸುವವರೆಗೂ ಕಾದಳು. ಇನ್ನೂ ಆರು ಮನೆಗಳಿದ್ದವು. ಅಲ್ಲಿಗೆ ಒಯ್ಯಲು ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ.